ಎಡರೆಕ್ಕೆಯಲ್ಲಿ ನೀಲಿ, ಬಲರೆಕ್ಕೆಯಲ್ಲಿ ಸಪ್ಪೆ

ನಮ್ಮೂರಿನಲ್ಲಿ ನೆಲದ ಮೇಲೆ ಯಾರೂ ಜಗಳವಾಡುವುದಿಲ್ಲ. ಹಾಗೆಂದ ಮಾತ್ರಕ್ಕೆ ನಾವೇನೋ ದೇವರಂಥ ಜನ ಅಂದುಕೊಳ್ಳಬೇಡಿ. ಜಗಳಕ್ಕೆ ನಮ್ಮಲ್ಲಿ ಬೇಕಾದಷ್ಟು ಕಾರಣಗಳಿವೆ, ಬೇಕಾದಷ್ಟು ಬಾಯಿಗಳೂ ಇವೆ. ಆದರೆ ಅದನ್ನು ಮೇಲೆ ಹೋಗಿ ಆಡಬೇಕು. ಇಬ್ಬರ ದನಿ ಏರುತ್ತಿದೆ ಅನ್ನಿಸಿದ ಕೂಡಲೇ ಪಕ್ಕದಲ್ಲಿದ್ದವರು ತುಟಿಪಿಟಕ್ಕೆನ್ನದೆ ಆಕಾಶದ ಕಡೆ ಬೆರಳು ತೋರಿಸುತ್ತಾರೆ. ಆಮೇಲೆ ಆ ಇಬ್ಬರೂ ಮೈದಾನಕ್ಕೆ ಹೋಗಿ, ಅಲ್ಲಿನ ಯಜಮಾನಿ ಸಾವಂತ್ರಮ್ಮನಿಗೆ ಹೇಳಿ, ಹಳದಿ ಬಣ್ಣದ ಜಗಳದ ವಿಮಾನ ಹತ್ತಬೇಕು. ರಾಜಿಯಾದ ಮೇಲೇ ಇಳಿಯಬೇಕು.

ರಾಜಿಯಾಗದಿದ್ದರೂ ಪೆಟ್ರೋಲು ಮುಗಿದ ಮೇಲೆ ಇಳಿಯಲೇಬೇಕಲ್ಲ ಅಂತ ನೀವು ಕೇಳಬಹುದು. ಆ ವಿಮಾನಕ್ಕೆ ಎರಡೇ ಸೀಟು. ಎಡಗಡೆ ಕೂತವರ ಕೈಗೆ ವಿಮಾನದ ಮೂತಿ ಆಡಿಸುವ ಕೋಲು; ಬಲಗಡೆಯವರ ಕೈಗೆ ಎಂಜಿನ್ನಿನ ಹಿಡಿ, ಕಾಲಿಗೆ ಬಾಲ ತಿರುಗಿಸುವ ಪೆಡಲು. ಒಬ್ಬರು ಮೂತಿ ಬಗ್ಗಿಸಿದರೆ ಇನ್ನೊಬ್ಬರು ವೇಗ ಇಳಿಸಬೇಕು. ಎಷ್ಟೇ ಜಾಣರಾದರೂ ಒಬ್ಬರೇ ಅದನ್ನು ನೆಲಕ್ಕೆ ತರಲಾರರು. "ನೀನು ಸ್ವಲ್ಪ ನಿಧಾನ ಮಾಡು, ನಾನು ಬಗ್ಗಿಸ್ತೀನಿ" ಅನ್ನುವ ಮಾತು ಬಾಯಿಂದ ಬಂತೆಂದರೆ ಅರ್ಧ ಜಗಳ ಅಲ್ಲೇ ತೀರಿತು. ಹಿತ್ತಲ ನುಗ್ಗೆಕೊಂಬೆಗಾಗಿ ಹತ್ತಿದ ವಾರಗಿತ್ತಿಯರು ಇಳಿಯುವ ಹೊತ್ತಿಗೆ ನುಗ್ಗೆಕಾಯಿ ಸಾರಿಗೆ ತೊಗರಿಬೇಳೆ ಹಾಕಬೇಕೋ ಹೆಸರುಬೇಳೆಯೋ ಎಂದು ಮಾತಾಡಿಕೊಳ್ಳುತ್ತಿರುತ್ತಾರೆ. ಹೊಸದಾಗಿ ಮದುವೆಯಾದವರಂತೂ ಕೂಡುಕುಟುಂಬದಿಂದ ತಪ್ಪಿಸಿಕೊಳ್ಳಲು ಸುಳ್ಳುಸುಳ್ಳೇ ಜಗಳವಾಡಿಕೊಂಡು ಬರುತ್ತಾರೆ. "ನಗ್ತಾ ನಗ್ತಾ ಜಗಳಕ್ಕೆ ಬಂದೋರ್ನ ನಾನು ಹತ್ಸಲ್ಲ, ಮನೆಗೋಗಿ" ಅಂತ ಸಾವಂತ್ರಮ್ಮ ಎಷ್ಟೋ ಜೋಡಿಗಳನ್ನು ಅಟ್ಟಿದ್ದಾಳೆ.

ಊರಿರುವುದು ಒಂದು ದೊಡ್ಡ ಬಂಡೆಯ ನೆತ್ತಿಯ ಮೇಲೆ. ಸುತ್ತಲೂ ಕಮರಿ. ರಸ್ತೆ ಅನ್ನುವುದನ್ನು ನಮ್ಮ ಮಕ್ಕಳು ಚಿತ್ರದಲ್ಲಿ ನೋಡಿದ್ದಾರೆ ಅಷ್ಟೆ. ಉಪ್ಪು ತರುವುದಕ್ಕೂ ಹೆಣ್ಣು ನೋಡುವುದಕ್ಕೂ ವಿಮಾನದಲ್ಲೇ ಹೋಗಬೇಕು. ನಿಮ್ಮ ಕಡೆ ಮನೆ ಮುಂದೆ ಸ್ಕೂಟರು ನಿಂತಿರುವ ಹಾಗೆ ನಮ್ಮಲ್ಲಿ ಎರಡು ಮನೆಗೊಂದು ಪುಟ್ಟ ವಿಮಾನ ನಿಂತಿರುತ್ತದೆ, ಅದರ ಬಾಲಕ್ಕೆ ಹಗ್ಗ ಕಟ್ಟಿ ಬಟ್ಟೆ ಒಣಹಾಕಿರುತ್ತಾರೆ. ಇವುಗಳ ರೆಕ್ಕೆಗೆ ಬಟ್ಟೆ ಹೊಲಿಯುವುದು ನನ್ನ ಕೆಲಸ. ಹೆಸರು ಚೆನ್ನಾಜಮ್ಮ. ಕೈ ಚುರುಕು, ಬಾಯಿ ಅದಕ್ಕಿಂತ ಚುರುಕು ಅಂತ ನನ್ನ ಗಂಡ ತಿಮ್ಮೇಶ ಹೇಳುತ್ತಾನೆ, ಮೆತ್ತಗೆ. ನಮ್ಮ ಮನೆ ತುದಿಬೀದಿಯಲ್ಲಿ. ಅಂದರೆ ಮೈದಾನದ ಈ ತುದಿಗೆ ಅಂಟಿಕೊಂಡ ಬೀದಿ. ಎಲ್ಲ ವಿಮಾನಗಳೂ ಹಾರುವ ಮೊದಲು ನಮ್ಮ ಬಾಗಿಲ ಎದುರಿಗೇ ನಿಂತು ಎಂಜಿನ್ನು ಬಿಸಿಮಾಡಿಕೊಳ್ಳುತ್ತವೆ, ಆಮೇಲೆ ನಮ್ಮ ಹೆಂಚಿನ ಮೇಲಿಂದಲೇ ಹಾರುತ್ತವೆ. ಮಜ್ಜಿಗೆಯ ಮೇಲೆ ಬೂದುಬಣ್ಣದ ಪುಡಿ ಕೂರುತ್ತಿತ್ತು. ಬೆರಳಲ್ಲಿ ತೆಗೆದುಹಾಕಿ ಕುಡಿಯುತ್ತಿದ್ದೆವು.

ನನ್ನ ಮಗಳು ಗುಬ್ಬಿ ಮಾತು ಕಲಿತದ್ದು ತಡ. ಕಲಿತ ಮಾತೂ ಕೆಲವು ದಿನ ಇದ್ದು ಹೋಗಿಬಿಡುತ್ತಿತ್ತು. ಬೆಳಿಗ್ಗೆ ಚೊಂಬು ಅಂದವಳು ಸಂಜೆ ಅದನ್ನೇ ತೋರಿಸಿ ನನ್ನ ಮುಖ ನೋಡುತ್ತಿದ್ದಳು. ಆಗಾಗ ಹೊಟ್ಟೆನೋವು. ಕೆಳಗಿನ ಬಯಲಿನಿಂದ ತಿಂಗಳಿಗೊಮ್ಮೆ ಬರುವ ಡಾಕ್ಟರಮ್ಮ ಅವಳನ್ನು ನೋಡಿ, ಆಮೇಲೆ ಬೀದಿಯ ಎಲ್ಲ ಮಕ್ಕಳ ರಕ್ತವನ್ನೂ ತೆಗೆದುಕೊಂಡು ಹೋದರು. ಮುಂದಿನ ಸಲ ಬಂದಾಗ ನಮ್ಮ ಜಗಲಿಯ ಮೇಲೆ ಕೂತು ಹೇಳಿದರು: "ಇವರ ರಕ್ತದಲ್ಲಿ ಸೀಸ ಇದೆ. ನಿಮ್ಮ ವಿಮಾನಗಳಿಗೆ ಹಾಕೋ ನೀಲಿ ಪೆಟ್ರೋಲಿನಲ್ಲಿ ಸೀಸ ಬೆರೆಸಿರುತ್ತಾರೆ. ಕಾರುಗಳಿಗೆ ಅದನ್ನ ಯಾವತ್ತೋ ನಿಲ್ಲಿಸಿಯಾಯ್ತು. ಈ ಪುಟ್ಟ ವಿಮಾನಗಳಿಗೆ ಮಾತ್ರ ಉಳಿದುಕೊಂಡಿದೆ. ಸೀಸ ಇಲ್ಲದ್ದೂ ಈಗ ಸಿಗುತ್ತೆ." ನಾನು ಕೇಳಿದೆ, ಒಳಗೆ ಹೋಗಿರುವುದು ಹೊರಗೆ ಬರುತ್ತದೋ ಇಲ್ಲವೋ ಅಂತ. ಅವರು ಗುಬ್ಬಿಯ ಕೆನ್ನೆ ಸವರಿದರು. "ಹೊಸದಾಗಿ ಹೋಗೋದು ಮೊದಲು ನಿಲ್ಲಬೇಕು ಚೆನ್ನಾಜಮ್ಮ. ಒಂದೋ ಆ ಪೆಟ್ರೋಲು ಈ ಊರು ಬಿಡಬೇಕು, ಇಲ್ಲ ಈ ಮಗು ಬಿಡಬೇಕು. ಮಳೆಗಾಲ ಶುರುವಾಗಿ ಕಮರಿ ದಾಟೋದು ಕಷ್ಟವಾಗೋದರೊಳಗೆ ಯಾವುದಾದರೂ ಒಂದು ಮಾಡಿ."

ಮಗು ಊರು ಬಿಟ್ಟರೆ ತಾಯಿಯೂ ಬಿಡಬೇಕು. ಬಯಲಿನಲ್ಲಿ ನನ್ನ ಅಕ್ಕನ ಮನೆಯಿದೆ. ಅಲ್ಲಿ ಜನ ಎಲ್ಲಿಗೆ ಹೋಗಬೇಕಾದರೂ ನೆಲದ ಮೇಲೆ ನಡೆದೇ ಹೋಗುತ್ತಾರೆ, ಎದುರಿಗೆ ಸಿಕ್ಕವರೊಂದಿಗೆ ಅಲ್ಲೇ ನಿಂತು ಜಗಳವಾಡುತ್ತಾರೆ. ನನಗೆ ಅಲ್ಲಿ ಯಾವ ರೆಕ್ಕೆಯಿದೆ ಹೊಲಿಯುವುದಕ್ಕೆ? ಆ ರಾತ್ರಿ ಗುಬ್ಬಿಯ ತಲೆಗೂದಲೊಳಗೆ ಬೆರಳಾಡಿಸುತ್ತಾ ನಾನು ಅತ್ತೆ. ನನ್ನ ಊರು ನನಗೆ ಬೇಕು, ನನ್ನ ಮಗಳೂ ಬೇಕು. ಎರಡರಲ್ಲಿ ಒಂದನ್ನು ಆರಿಸಿಕೊ ಅಂದರೆ ಯಾರ ಹೊಟ್ಟೆಯಾದರೂ ಉರಿಯುತ್ತದೆ.

ವಿಷಯ ಊರಿಗೆಲ್ಲ ಹಬ್ಬಿತು. ಹಬ್ಬಿದ ಮೇಲೆ ಜಗಳ ಆಗಬೇಕಲ್ಲ, ಆಯಿತು. ನೀಲಿ ಬೇಡ ಅನ್ನುವವರು ಕೆಲವರು, ನೀಲಿ ಇಲ್ಲದೆ ಎಂಜಿನ್ನು ನಿಲ್ಲುತ್ತದೆ ಅನ್ನುವವರು ಹಲವರು. ಬಣ್ಣವಿಲ್ಲದ ಹೊಸ ಪೆಟ್ರೋಲಿಗೆ ಅವರು ಸಪ್ಪೆ ಅಂತ ಹೆಸರಿಟ್ಟರು. ಮಾವ ಅಳಿಯ, ಅಕ್ಕ ತಮ್ಮ, ಕೊನೆಗೆ ಶಾಲೆಯ ಇಬ್ಬರು ಮೇಷ್ಟ್ರುಗಳೂ ಇದೇ ವಿಷಯಕ್ಕೆ ಜಗಳದ ವಿಮಾನಕ್ಕೆ ಕಾದು ನಿಂತರು. ಬೆಳಗಿನಿಂದ ಸಂಜೆಯವರೆಗೆ ಅದಕ್ಕೆ ಬಿಡುವಿಲ್ಲ. ಒಂದು ಜೋಡಿ ಇಳಿದರೆ ಇನ್ನೊಂದು ಹತ್ತುತ್ತಿತ್ತು. ಇಳಿದವರು ರಾಜಿಯಾಗಿಯೇ ಇಳಿಯುತ್ತಿದ್ದರು. ಆದರೆ ಒಂದು ಜೋಡಿ ನೀಲಿ ಇರಲಿ ಅಂತ ರಾಜಿಯಾದರೆ ಇನ್ನೊಂದು ಬೇಡ ಅಂತ ರಾಜಿಯಾಗುತ್ತಿತ್ತು. ಅದೆಲ್ಲ ಸರಿ. ಜಗಳದ ವಿಮಾನ ಹಾರುತ್ತಿದ್ದದ್ದು ಯಾವುದರಲ್ಲಿ? ನೀಲಿಯಲ್ಲಿ. ಹಾರುತ್ತಿದ್ದದ್ದು ಯಾರ ಹೆಂಚಿನ ಮೇಲಿಂದ? ನಮ್ಮ ಹೆಂಚಿನ ಮೇಲಿಂದ. ಅಂಗಳದಲ್ಲಿ ಹರವಿದ್ದ ಬಿಳಿ ರೆಕ್ಕೆಬಟ್ಟೆಯನ್ನು ಒಂದು ಸಂಜೆ ಎತ್ತಿಕೊಂಡು ನೋಡುತ್ತೇನೆ, ಎಂದಿಗಿಂತ ಎರಡರಷ್ಟು ಕಪ್ಪಾಗಿದೆ. ನಮ್ಮ ಮಕ್ಕಳ ಮೇಲೆ ಕರುಣೆಯಿಂದ ವಾದ ಮಾಡುವವರೇ ಅವರ ಮೇಲೆ ಇನ್ನಷ್ಟು ಸುರಿಯುತ್ತಿದ್ದರು.

ನನಗೆ ತಡೆಯಲಾಗಲಿಲ್ಲ. ಬಟ್ಟೆ ಹಿಡಿದುಕೊಂಡು ಮೈದಾನಕ್ಕೆ ನುಗ್ಗಿ, ಸಾಲಿನಲ್ಲಿ ನಿಂತಿದ್ದವರ ಮುಂದೆ ಕಿರುಚಿದೆ. ನೆಲದ ಮೇಲೆ ನಿಂತು ಕಿರುಚಿದೆ! "ನಿಮಗೆ ಬುದ್ಧಿ ಐತೇನ್ರೋ? ವಿಷ ಬೇಕೋ ಬ್ಯಾಡ್ವೋ ಅಂತ ಕೇಳಾಕೆ ವಿಷಾನೇ ಸುರೀತಿದ್ದೀರಲ್ರೋ!" ಜನ ಬೆತ್ತಲೆ ಮನುಷ್ಯನನ್ನು ಕಂಡವರ ಹಾಗೆ ಮುಖ ತಿರುಗಿಸಿಕೊಂಡರು. ಎಲ್ಲರ ಬೆರಳೂ ಆಕಾಶದ ಕಡೆ ಎದ್ದವು. ಸಾವಂತ್ರಮ್ಮ ಹತ್ತಿರ ಬಂದು, "ಚೆನ್ನಾಜಿ, ಮೇಲೋಗಿ ಆಡವ್ವ. ಊರೋರ್ನೆಲ್ಲ ಒಂದೇ ವಿಮಾನಕ್ಕೆ ತುಂಬೋಕಾಗಲ್ಲ. ನೀಲಿ ಕಡೆಯಿಂದ ಒಬ್ರು, ಈ ಕಡೆಯಿಂದ ನೀನು. ನೀವಿಬ್ರು ಏನಂತೀರೋ ಊರು ಅದನ್ನ ಕೇಳುತ್ತೆ," ಅಂದಳು.

ನೀಲಿ ಕಡೆಯಿಂದ ಮುಂದೆ ಬಂದವನು ಬೋರಲಿಂಗಣ್ಣ. ಊರಿನ ದೊಡ್ಡ ವಿಮಾನ ಅವನದು. ದಿನ ತುಂಬಿದ ಹೆಂಗಸರನ್ನು ಕಮರಿ ದಾಟಿಸಿ ಬಯಲಿನ ಆಸ್ಪತ್ರೆಗೆ ಮುಟ್ಟಿಸುವವನು ಅವನೇ. ಆಜಾನುಬಾಹು, ಮೀಸೆ ಮಾತ್ರ ಇಲಿಯದು. ಮನುಷ್ಯ ಒಳ್ಳೆಯವನು, ಅದೇ ನನಗೆ ಕಷ್ಟವಾಗಿದ್ದು. ಕೆಟ್ಟವನಾಗಿದ್ದರೆ ನನ್ನ ಬಾಯಿ ಸಲೀಸಾಗಿ ಓಡುತ್ತಿತ್ತು.

ಆದರೆ ಹತ್ತುವ ಮೊದಲೇ ಸಿಕ್ಕಿಕೊಂಡೆವು. "ನೀಲಿ ಹಾಕಿರೋ ವಿಮಾನ ನಾನು ಹತ್ತಲ್ಲ" ಅಂದೆ ನಾನು. "ಸಪ್ಪೆ ಹಾಕಿರೋದ್ನ ನಾನು ಹತ್ತಲ್ಲ, ನಂಗೆ ಇನ್ನೂ ಬದುಕ್ಬೇಕು" ಅಂದ ಅವನು. ಇಂಥದ್ದು ನಮ್ಮೂರಿನಲ್ಲಿ ಎಂದೂ ಆಗಿರಲಿಲ್ಲ. ಮೇಲೆ ಹೋಗದ ಜಗಳ ಜಗಳವೇ ಅಲ್ಲ. ಜಗಳವೇ ಅಲ್ಲದ ಮೇಲೆ ರಾಜಿ ಎಲ್ಲಿಂದ ಬರಬೇಕು? ಸುಮಾರು ದಿನ ನಾವಿಬ್ಬರೂ ನೆಲದ ಮೇಲೆ ಹಲ್ಲು ಕಿರಿದುಕೊಂಡು ಓಡಾಡಿದೆವು. ಅವನು ರೆಕ್ಕೆಗೆ ತೇಪೆ ಹಾಕಿಸಲು ಬಂದ. "ಹೆಂಗಿದ್ದೀಯಮ್ಮ?" "ಚೆನ್ನಾಗಿವ್ನಿ ಕಣಣ್ಣ, ಕಾಫಿ ಕುಡೀತೀಯಾ?" ಅವನು ಕುಡಿದ. ನಾನು ತೇಪೆ ಹಾಕಿದೆ, ಸೂಜಿಯನ್ನು ಬಟ್ಟೆಗೆ ಚುಚ್ಚುವಾಗ ಮನಸ್ಸಿನಲ್ಲಿ ಬೇರೆ ಎಲ್ಲಿಗೋ ಚುಚ್ಚುತ್ತಿದ್ದೆ. ಅಷ್ಟರಲ್ಲಿ ಪಡುವಣದಲ್ಲಿ ಮೋಡ ಕಾಣಿಸಿಕೊಂಡಿತು. ನಾನು ಗುಬ್ಬಿಯ ಬಟ್ಟೆಗಳನ್ನು ಟ್ರಂಕಿಗೆ ಮಡಿಸಿಡಲು ಶುರುಮಾಡಿದೆ. ತಿಮ್ಮೇಶ ಟ್ರಂಕಿನ ಚಿಲಕಕ್ಕೆ ಎಣ್ಣೆ ಹಾಕಿದ.

ಆ ಟ್ರಂಕನ್ನು ನೋಡಿಯೇ ಇರಬೇಕು, ಸಾವಂತ್ರಮ್ಮ ಒಂದು ಉಪಾಯ ತೆಗೆದಳು. ಜಗಳದ ವಿಮಾನಕ್ಕೆ ರೆಕ್ಕೆಗೊಂದರಂತೆ ಎರಡು ಟ್ಯಾಂಕು. ಎಡದ್ದಕ್ಕೆ ನೀಲಿ ತುಂಬಿದಳು, ಬಲದ್ದಕ್ಕೆ ಸಪ್ಪೆ. ಎರಡು ಸೀಟಿನ ನಡುವೆ ಒಂದು ಕೀಲಿಯಿದೆ. ಎಡಕ್ಕೆ ತಿರುಗಿಸಿದರೆ ಆ ಟ್ಯಾಂಕು, ಬಲಕ್ಕೆ ತಿರುಗಿಸಿದರೆ ಈ ಟ್ಯಾಂಕು. "ಕೀಲಿ ಯಾರ್ದೂ ಅಲ್ಲ. ಏರೋವಾಗ ನೀಲಿ, ಬೋರಲಿಂಗನ ಜೀವ ನಿಲ್ಲಲಿ ಅಂತ. ಏರಿದ ಮೇಲೆ ನಿಮ್ಮಿಷ್ಟ. ಚೆನ್ನಾಜಿ, ಒಂದೇ ಒಂದು ಸಲ ಹಲ್ಲು ಕಚ್ಕೊ." ನಾನು ಕಚ್ಚಿಕೊಂಡೆ. ಗುಬ್ಬಿಯನ್ನು ಒಳಗೆ ಕೂರಿಸಿ ಕಿಟಕಿ ಬಾಗಿಲೆಲ್ಲ ಹಾಕಿಕೊ ಅಂತ ತಿಮ್ಮೇಶನಿಗೆ ಹತ್ತು ಸಲ ಹೇಳಿ ಬಂದೆ. ಸಾವಂತ್ರಮ್ಮ ಬೇಕೆಂದೇ ನನ್ನನ್ನು ನೀಲಿ ರೆಕ್ಕೆಯ ಕಡೆಗೂ ಅವನನ್ನು ಸಪ್ಪೆಯ ಕಡೆಗೂ ಕೂರಿಸಿದಳು. ಕೋಲು ನನಗೆ, ಎಂಜಿನ್ನು ಅವನಿಗೆ.

ವಿಮಾನದೊಳಗೆ ಕಿರುಚದೆ ಮಾತಾಡಲಾಗದು. ಅದಕ್ಕೇ ಜಗಳಕ್ಕೆ ಅದು ಹೇಳಿಮಾಡಿಸಿದ ಜಾಗ. ನೆಲ ಬಿಟ್ಟ ಕೂಡಲೇ ನಾನು ಕೀಲಿಯನ್ನು ಬಲಕ್ಕೆ ತಿರುಗಿಸಲು ಹೋದೆ, ಅವನು ನನ್ನ ಕೈಗೆ ಪಟ್ಟೆಂದು ಹೊಡೆದ. ಇನ್ನೊಮ್ಮೆ ಹೋದೆ, ಇನ್ನೊಮ್ಮೆ ಹೊಡೆದ. ಬಾಯಿಗೆ ಬಂದದ್ದೆಲ್ಲ ಅಂದೆ. ಅವನ ಮೀಸೆಯನ್ನೂ ಬಿಡಲಿಲ್ಲ.

"ಬಯ್ಯಿ, ಬಯ್ಯಿ," ಅಂದ ಬೋರಲಿಂಗಣ್ಣ. "ಬಯ್ದು ಮುಗಿದ್ಮೇಲೆ ಒಂದು ಮಾತು ಕೇಳು. ನನ್ನ ಎಂಜಿನ್ನಿಗೆ ಸಪ್ಪೆ ಹಾಕಿ ನೆಲದ ಮೇಲೆ ಓಡ್ಸಿ ನೋಡ್ದೆ. ಯಾರಿಗೂ ಹೇಳಿಲ್ಲ. ಮಲಗಿದ ಮಕ್ಕಳು ಹಲ್ಲು ಕಡೀತವಲ್ಲ, ಹಂಗೆ ಕಟಕಟ ಕಡೀತು. ಹಿಂದಿನ ಸೀಟಲ್ಲಿ ನೋವು ತಿನ್ನೋ ಹೆಂಗಸು, ಕೆಳಗೆ ಕಮರಿ, ಆಗ ಅದು ಹಲ್ಲು ಕಡಿಯೋಕೆ ಶುರು ಮಾಡಿದ್ರೆ ನಾನು ಯಾರ್ನ ಕರೀಲಿ? ನಿನ್ನ ಹೊಟ್ಟೇಲಿ ಮಗಳಿದ್ದಾಗ ನಿನ್ನ ದಾಟಿಸಿದ್ದು ನೀಲೀನೇ ಅಲ್ವೇನಮ್ಮ?"

ಅವನು ಹೇಳುತ್ತಿದ್ದದ್ದು ನಿಜ. ಅವತ್ತು ನಾನು ಹಿಂದಿನ ಸೀಟಿನಲ್ಲಿ ಆ ಎಂಜಿನ್ನಿನ ಸದ್ದನ್ನೇ ಹಿಡಿದುಕೊಂಡು ಜೀವ ಉಳಿಸಿಕೊಂಡಿದ್ದೆ. ಈ ಮನುಷ್ಯ ಹಟಕ್ಕೆ ಮಾತಾಡುತ್ತಿಲ್ಲ, ಭಯಕ್ಕೆ ಮಾತಾಡುತ್ತಿದ್ದಾನೆ ಅಂತ ಗೊತ್ತಾದ ಮೇಲೆ ಬಯ್ಯುವುದಾದರೂ ಹೇಗೆ? ಏನೂ ತೋಚದೆ ಕೋಲನ್ನು ಎಡಕ್ಕೆ ವಾಲಿಸಿಕೊಂಡು ಸುತ್ತು ಹೊಡೆದೆ. ಅವನು ಪೆಡಲು ತುಳಿದ. ಹಾಗೆ ಸುತ್ತಿ ಸುತ್ತಿ ಬಂದದ್ದು ತುದಿಬೀದಿಯ ಮೇಲಕ್ಕೆ.

ಬೀದಿಯೆಲ್ಲ ಮುಚ್ಚಿತ್ತು. ಬಾಗಿಲು, ಕಿಟಕಿ, ಬಾವಿಯ ಬಾಯಿ ಕೂಡ. ನಡುಬೀದಿಯಲ್ಲಿ ಕೆಂಪು ಲಂಗದ ಒಂದೇ ಒಂದು ಜೀವ ನಿಂತು ಎರಡೂ ಕೈ ಬೀಸುತ್ತಿತ್ತು. ಅಪ್ಪನ ಕಣ್ಣು ತಪ್ಪಿಸಿ ಬಂದಿದ್ದಳು. ಅಮ್ಮ ಮೇಲೆ ಹೋಗುತ್ತಿದ್ದಾಳೆ ಅಂದರೆ ಯಾವ ಮಗು ಒಳಗೆ ಕೂರುತ್ತದೆ?

"ನಿನ್ನ ಮಗಳಲ್ವೇನಮ್ಮ ಅದು!" ಬೋರಲಿಂಗಣ್ಣನ ಮುಖ ಅರಳಿತು. ಕಾಲಲ್ಲಿ ಆ ಪೆಡಲು ಈ ಪೆಡಲು ತುಳಿದು ವಿಮಾನದ ಬಾಲವನ್ನು ನಾಯಿಯ ಬಾಲದಂತೆ ಅಲ್ಲಾಡಿಸಿದ. "ನೋಡು, ನೋಡು, ಕುಣೀತೈತೆ! ನಮ್ಮ ಕಾಲ್ದಿಂದ್ಲೂ ಹಿಂಗೇ ಕಣಮ್ಮ, ವಿಮಾನ ಬಂದ್ರೆ ಮಕ್ಳು ಓಡಿ ಬರ್ಬೇಕು. ಈಚೆಗೆ ಒಂದೂ ಬರಲ್ಲ. ನಂಗೆ ಎಷ್ಟು ಬ್ಯಾಸರ ಆಗಿತ್ತು ಗೊತ್ತಾ?"

"ಒಳಕ್ಕೋಗೇ ಗುಬ್ಬೀ!" ಅಂತ ನಾನು ಕಿಟಕಿಗೆ ಮುಖ ಒತ್ತಿ ಕಿರುಚುತ್ತಿದ್ದೆ. ಅವಳಿಗೆಲ್ಲಿ ಕೇಳಬೇಕು? ನನ್ನ ಬಾಯಿ ಆಡುವುದನ್ನು ಕಂಡು ಅವಳು ಇನ್ನೂ ಜೋರಾಗಿ ಕೈ ಬೀಸಿದಳು. ಕೋಲನ್ನು ಎಳೆದು ಆಚೆ ಹೋಗೋಣವೆಂದರೆ ಪೆಡಲು ಅವನ ಕಾಲಡಿಯಲ್ಲಿ, ಅವನು ಅವಳ ಸುತ್ತಲೇ ಸುತ್ತಿಸುತ್ತಿದ್ದ. ನನಗೆ ಅಳು ನುಗ್ಗಿ ಬಂತು.

"ಬೋರಲಿಂಗಣ್ಣ, ಅವಳ ತಲೆ ಮೇಲೆ ಸುರೀತಿರೋದು ನಾವು ಕಣಣ್ಣ. ಬೇರೆ ಯಾರೂ ಅಲ್ಲ. ಈಗ, ಈ ಸುತ್ತಲ್ಲಿ, ನೀನು ಬಾಲ ಅಲ್ಲಾಡಿಸ್ತಿದ್ದೀಯಲ್ಲ, ಹಂಗೆ ಅಲ್ಲಾಡ್ಸಿ ಸುರೀತಿದ್ದೀವಿ. ನಾನು ಅವಳ ಹೆತ್ತೋಳು, ನಾನೂ ಸುರೀತಿದ್ದೀನಿ."

ಅವನ ಕಾಲು ನಿಂತಿತು. ಕೆಳಗೆ ನೋಡಿದ. ಅವಳು ಮುಖ ಮೇಲೆತ್ತಿ, ಬಾಯಿ ತೆರೆದು ನಗುತ್ತಿದ್ದಳು. ಅವನಿಗೆ ಹೆಚ್ಚು ಹೊತ್ತು ನೋಡಲಾಗಲಿಲ್ಲ. ಆ ದಪ್ಪ ಕೈ ಬಂದು ಕೀಲಿಯನ್ನು ಬಲಕ್ಕೆ ತಿರುಗಿಸಿತು.

ಎಂಜಿನ್ನು ಒಮ್ಮೆ ಕೆಮ್ಮಿತು. ಬೋರಲಿಂಗಣ್ಣ ಕಣ್ಣು ಮುಚ್ಚಿ, ಒಂದು ಕೈಯಲ್ಲಿ ನನ್ನ ಮೊಣಕೈ ಹಿಡಿದುಕೊಂಡು, ಮನೆದೇವರಿಂದ ಹಿಡಿದು ಹೆಂಡತಿ ಮನೆಯ ದೇವರವರೆಗೆ ಎಲ್ಲರನ್ನೂ ಕರೆದ. ನಿಜ ಹೇಳುತ್ತೇನೆ, ನಾನೂ ಒಂದೆರಡು ದೇವರನ್ನು ಸೇರಿಸಿದೆ. ಇನ್ನೊಮ್ಮೆ ಕೆಮ್ಮಿತು. ಆಮೇಲೆ ಏನೂ ಆಗಿಲ್ಲವೆಂಬಂತೆ ಗುರ್ರೆನ್ನುತ್ತಾ ಹೋಯಿತು. ಅವನು ಒಂದು ಕಣ್ಣು ತೆರೆದ.

"ಇದೇನೋ ಓಡ್ತು," ಅಂದ. "ಇದು ಸಾಧು ಎಂಜಿನ್ನು. ನಂದು ಹಂಗಲ್ಲ, ಮೂಗಿನ ತುದೀಲೇ ಕೋಪ."

"ಕೋಪ ಇಳ್ಸೋಕೆ ಏನು ಮಾಡ್ಬೇಕು?"

"ಒಳಗಿನ ಪಿಸ್ಟನ್ನು ಬದಲಾಯಿಸ್ಬೇಕು. ಆಗ ಸಪ್ಪೆ ಕುಡೀತೈತೆ. ಆದ್ರೆ ಬಲ ಸಾಲ್ದು, ಒಬ್ರನ್ನ ಕಮ್ಮಿ ಹೊರ್ಬೇಕಾಯ್ತದೆ."

"ಈಗ ಯಾರ್ಯಾರು ಹೋಗ್ತೀರಿ?"

"ನಾನು. ಬಸುರಿ. ಅವಳ ತಾಯಿ. ಅವಳ ಗಂಡ."

ಇಬ್ಬರೂ ಮುಖ ಮುಖ ನೋಡಿಕೊಂಡೆವು. ಎಂಜಿನ್ನು ಗುರ್ರೆನ್ನುತ್ತಿತ್ತು.

"ಅವತ್ತು ನಿನ್ನ ಗಂಡ..." ಅಂತ ಶುರುಮಾಡಿದ ಬೋರಲಿಂಗಣ್ಣ.

"ಮೂರ್ಛೆ ಹೋದ. ಆಸ್ಪತ್ರೆಯೋರು ಸ್ಟ್ರೆಚರಲ್ಲಿ ಮೊದ್ಲು ಅವನ್ನೇ ಹೊತ್ಕೊಂಡೋದ್ರು. ನಾನು ನಡ್ಕೊಂಡೋದೆ."

"ಎಲ್ಲಾ ಗಂಡಂದ್ರೂ ಅಷ್ಟೇ ಕಣಮ್ಮ! ಒಬ್ಬ ನನ್ನ ಕುತ್ತಿಗೆ ತಬ್ಬಿ ಹಿಡ್ಕೊಂಡು ಬಿಡ್ಲೇ ಇಲ್ಲ. ಇನ್ನೊಬ್ಬ ವಾಪಸ್ ತಿರುಗ್ಸು ಅಂತಾನೆ!" ಅವನು ನಗಲು ಶುರುಮಾಡಿದ. ನನಗೂ ಅಳುವಿನ ನಡುವೆಯೇ ನಗು ಬಂತು. ನಗುವಿನಲ್ಲಿ ಕೋಲು ಅಲ್ಲಾಡಿ, ವಿಮಾನ ಓಲಾಡಿ, ಕೆಳಗಿದ್ದವರು ಇವರು ಹೊಡೆದಾಡುತ್ತಿದ್ದಾರೆ ಅಂದುಕೊಂಡರಂತೆ. "ನೀನು ನಿಧಾನ ಮಾಡಣ್ಣ, ನಾನು ಬಗ್ಗಿಸ್ತೀನಿ" ಅಂದೆ. ಅವನು ನಿಧಾನ ಮಾಡಿದ. ಮೈದಾನದ ಆಚೆ ತುದಿಯಿಂದ ಇಳಿದೆವು.

ಇಳಿದವರು ವಿಮಾನದ ಬುಡದಲ್ಲೇ ನಿಂತು ರಾಜಿ ಹೇಳಬೇಕು. ಬೋರಲಿಂಗಣ್ಣ ಗಂಟಲು ಸರಿಮಾಡಿಕೊಂಡು, "ಇನ್ನು ನೀಲಿ ಬ್ಯಾಡ. ಹೆರಿಗೆಗೆ ಗಂಡಂದ್ರು ಬರೋದೂ ಬ್ಯಾಡ," ಅಂದ. ಜನಕ್ಕೆ ಎರಡಕ್ಕೂ ಏನು ಸಂಬಂಧ ಅಂತ ಗೊತ್ತಾಗಲಿಲ್ಲ. ಗೊತ್ತಾದ ಮೇಲೆ ಗಂಡಂದಿರು ಬಹಳ ಬೇಜಾರು ಮಾಡಿಕೊಂಡವರಂತೆ ತಲೆ ಅಲ್ಲಾಡಿಸಿದರು. ಇದನ್ನು ಒಪ್ಪದವರು ಯಾರಾದರೂ ಬೋರಲಿಂಗನ ಜೊತೆ ಮೇಲೆ ಹೋಗಿ ಜಗಳ ಆಡಬಹುದು ಅಂತ ಸಾವಂತ್ರಮ್ಮ ಕೂಗಿ ಹೇಳಿದಳು. ಯಾರೂ ಮುಂದೆ ಬರಲಿಲ್ಲ. ತಿಮ್ಮೇಶ ಮನೆಗೆ ಹೋಗಿ ಟ್ರಂಕಿನಲ್ಲಿದ್ದ ಗುಬ್ಬಿಯ ಬಟ್ಟೆಗಳನ್ನೆಲ್ಲ ಹೊರಗೆ ತೆಗೆದು, ತಪ್ಪುತಪ್ಪಾಗಿ ಮಡಿಸಿ ಗೂಡಿನಲ್ಲಿಟ್ಟ.

ಸಪ್ಪೆಗೆ ಊರು ಹೊಂದಿಕೊಳ್ಳುವಾಗ ತಕರಾರುಗಳಿಗೇನೂ ಬರವಿರಲಿಲ್ಲ. ಕೆಲವರ ಟ್ಯಾಂಕಿನ ಹಳೆಯ ರಬ್ಬರು ಸೋರಿತು. ಕೆಲವರ ವಿಮಾನದ ಬಣ್ಣ ಕಲೆಗಟ್ಟಿತು. ಅಳಿಯನೊಬ್ಬ, ಸಪ್ಪೆ ಹಾಕಿದಾಗಿನಿಂದ ಮಾವನ ಮನೆ ಬಲು ದೂರವಾಗಿದೆ ಅಂತ ಹೋಗುವುದನ್ನೇ ಬಿಟ್ಟ. ಪಿಸ್ಟನ್ನು ಬಂದು ಸೇರುವವರೆಗೆ ಬೋರಲಿಂಗಣ್ಣ ಮಾತ್ರ ಮೈದಾನದ ಆಚೆ ತುದಿಯಿಂದ ನೀಲಿಯಲ್ಲೇ ಹಾರಿದ, ಕಳ್ಳನ ಹಾಗೆ ತಲೆ ತಗ್ಗಿಸಿಕೊಂಡು. ನನ್ನ ಮಜ್ಜಿಗೆ ಬೆಳ್ಳಗಾಯಿತು.

ಡಾಕ್ಟರಮ್ಮ ಮತ್ತೆ ರಕ್ತ ನೋಡಿದರು. ಇಳಿಯುತ್ತಿದೆ, ನಿಧಾನವಾಗಿ ಇಳಿಯುತ್ತಿದೆ ಅಂದರು. ಆದರೆ ಹೋದದ್ದರಲ್ಲಿ ಕೆಲವು ವಾಪಸು ಬರುವುದಿಲ್ಲ ಅನ್ನುವುದನ್ನೂ ಈ ಸಲ ಮುಚ್ಚಿಡದೆ ಹೇಳಿದರು. ಗುಬ್ಬಿಯನ್ನು ಈಗಲೂ ಬುಧವಾರ ಆದ ಮೇಲೆ ಯಾವುದು ಅಂತ ಕೇಳಿದರೆ ಒಮ್ಮೊಮ್ಮೆ ಸೋಮವಾರ ಅನ್ನುತ್ತಾಳೆ, ಹೇಳಿ ನನ್ನ ಮುಖ ನೋಡುತ್ತಾಳೆ. ಆಗ ನನಗೆ ಎದೆಯೊಳಗೆ ಬೆಂಕಿ ಹತ್ತುತ್ತದೆ. ಆ ಸಿಟ್ಟನ್ನು ಹೊತ್ತುಕೊಂಡು ಮೇಲೆ ಹೋಗೋಣವೆಂದರೆ ಪಕ್ಕದ ಸೀಟಿನಲ್ಲಿ ಯಾರನ್ನು ಕೂರಿಸಿಕೊಳ್ಳಲಿ? ಅದೊಂದು ಜಗಳ ಮಾತ್ರ ನೆಲದ ಮೇಲೇ, ನನ್ನೊಳಗೇ ಉಳಿದಿದೆ.

ಬೋರಲಿಂಗಣ್ಣನ ದೊಡ್ಡ ವಿಮಾನ ಸಪ್ಪೆ ಕುಡಿದು ಮೊದಲ ಸಲ ಹಾರಿದ ದಿನ ನಾನು ಹೊಲಿಗೆಯಲ್ಲಿ ಮುಳುಗಿದ್ದೆ. ಒಳಗೆ ಒಬ್ಬಳು ಬಸುರಿ, ಅವಳ ತಾಯಿ. ಗಂಡ ಮೈದಾನದಲ್ಲಿ ನಿಂತು ನಿರಾಳವಾಗಿ ಬೀಡಿ ಸೇದುತ್ತಿದ್ದ. ನಮ್ಮ ಬಾಗಿಲ ಎದುರಿಗೆ ಎಂಜಿನ್ನು ಬಿಸಿಯಾಗುವ ಸದ್ದಾಯಿತು. ಗುಬ್ಬಿ ಆಟ ಬಿಟ್ಟು ಬೀದಿಗೆ ಓಡಿದಳು. ಅವಳ ಹಿಂದೆ ಅಕ್ಕಪಕ್ಕದ ಮಕ್ಕಳೂ ಓಡಿದವು. ನನ್ನ ಕಾಲು ತಾನಾಗಿಯೇ ಎದ್ದಿತು, ಬಾಗಿಲವರೆಗೂ ಹೋಯಿತು, ಬಾಯಿಯೂ ತೆರೆಯಿತು. ವಿಮಾನ ಹೆಂಚು ಸವರುವಷ್ಟು ತಗ್ಗಿನಲ್ಲಿ, ಭಾರವಾಗಿ, ಹಲ್ಲು ಕಡಿಯದೆ ಏರಿತು. ಅದರ ಬಾಲ ಅತ್ತಿತ್ತ ಅಲ್ಲಾಡಿತು. ಗುಬ್ಬಿ ಬಾಯಿ ತೆರೆದು, ಗಾಳಿಯನ್ನೆಲ್ಲ ನುಂಗುತ್ತಾ ಕೂಗುತ್ತಿದ್ದಳು. ನಾನು ಹೊಸ್ತಿಲ ಮೇಲೆ ಕೂತೆ. ಒಳಗೆ ಬಾ ಅನ್ನಲಿಲ್ಲ.